ಮೊದಲು ನಕಲು, ಆಮೇಲೆ ರಿಪೇರಿ

ಮೊನ್ನೆ ಚಿಟಗುಪ್ಪದ ಮನೆಯಲ್ಲಿ ಹಳೇ ಕಂಪ್ಯೂಟರ್ ಹಚ್ಚಿದೆ. ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳಿದ್ದ ಫೋಲ್ಡರ್ ತೆರೆದರೆ ರೀಡ್ ಎರರ್! ಅಜ್ಜಿ ಈಗಿಲ್ಲ...

ಇಂಥಾಗ ಎಲ್ಲರೂ ಹೇಳೋದು "ಚೆಕ್‌ಡಿಸ್ಕ್ ಓಡಿಸು" ಅಂತ. ನಾನಂತೂ ಒಪ್ಪೋದಿಲ್ಲ. ಅದು ನೇರ್ಪು ಮಾಡೋದು ಫೈಲ್ ಸಿಸ್ಟಮನ್ನು, ನಿಮ್ಮ ಫೈಲನ್ನಲ್ಲ; ಸಾಯೋ ಡಿಸ್ಕಿಗೆ ಇನ್ನಷ್ಟು ದುಡಿತ, ಅಷ್ಟೇ. ಮೊದಲು ಸ್ಮಾರ್ಟ್ ವರದಿ ನೋಡಿ. ಸಿಆರ್‌ಸಿ ಎರರ್ (199) ಏರುತ್ತಿದ್ದರೆ ಬಹುಶಃ ಕೇಬಲ್ಲಿನ ದೋಷ, ಬದಲಿಸಿ. ಪೆಂಡಿಂಗ್ ಸೆಕ್ಟರ್ (197) ಏರುತ್ತಿದ್ದರೆ ಡಿಸ್ಕೇ ಕೆಡುತ್ತಿದೆ. ಡಿಡಿರೆಸ್ಕ್ಯೂ ಬಳಸಿ ಬೇರೆ ಡಿಸ್ಕಿಗೆ ನಕಲಿಸಿ. ಅದು ಚೆನ್ನಾಗಿರೋ ಭಾಗ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಕಟಕಟ ಸದ್ದು ಬಂದರೆ ಮಾತ್ರ ತಕ್ಷಣ ಆರಿಸಿಬಿಡಿ.

ಹನ್ನೊಂದು ಪದಗಳಲ್ಲಿ ಒಂಬತ್ತು ಸಿಕ್ಕವು. ಎರಡು ಹೋದವು. ತಪ್ಪು ಡಿಸ್ಕಿನದಲ್ಲ, ಒಂದೇ ಕಡೆ ಇಟ್ಟ ನನ್ನದು. ನಿಮ್ಮ ಬ್ಲಾಗ್ ಬರಹಗಳ ಇನ್ನೊಂದು ಪ್ರತಿ ಎಲ್ಲಿದೆ, ಹೇಳಿ?