ಸೆಂಡ್‌ಮೇಲ್‌ಗೂ ನಿವೃತ್ತಿ ಬೇಕೆ?

ಕಳೆದ ದಸರೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಗಣಕಯಂತ್ರಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಕಾಫಿ ಕುಡಿಯುತ್ತ, "ಸರ್, ಹಳೆಯ ಸೆಂಡ್‌ಮೇಲನ್ನು ಸಿಸ್ಟಂನೊಳಗೇ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ನಮ್ಮವರಲ್ಲಿ ವಾದ ಮುಗಿಯುವುದೇ ಇಲ್ಲ" ಎಂದ. ನಿವೃತ್ತನನ್ನೇ ಈ ಪ್ರಶ್ನೆ ಕೇಳಿದನಲ್ಲ ಎಂದು ನಗು ಬಂದರೂ ವಿಷಯ ಮನಸ್ಸಿನಲ್ಲಿ ಉಳಿಯಿತು.

ಮಿಂಚಂಚೆಯನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವ ತಂತ್ರಾಂಶವೇ ಸೆಂಡ್‌ಮೇಲ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಅದನ್ನು ಬರೆದರು. 1983ರಲ್ಲಿ ಬಿಎಸ್‌ಡಿ ಯುನಿಕ್ಸ್‌ನೊಡನೆ ಅದು ಹೊರಬಂದಿತು. ಆಗ ಜಾಲಗಳು ಹಲವು, ವಿಳಾಸ ಬರೆಯುವ ಕ್ರಮವೂ ಒಂದೊಂದರಲ್ಲಿ ಒಂದೊಂದು ಬಗೆ. ಅವನ್ನೆಲ್ಲ ಅರಿತು ಪತ್ರ ತಲುಪಿಸಿದ ಉಪಕಾರ ಸಣ್ಣದಲ್ಲ.

ಆದರೆ ಶಾಲೆಯ ಎಲ್ಲ ಕೋಣೆಗಳ ಬೀಗದ ಕೈ ಒಬ್ಬನೇ ಜವಾನನ ಬಳಿ ಇದ್ದಂತೆ, ಆ ಒಂದೇ ತಂತ್ರಾಂಶಕ್ಕೆ ಇಡೀ ಯಂತ್ರದ ಅಧಿಕಾರವಿತ್ತು. 1988ರ ನವೆಂಬರ್‌ನಲ್ಲಿ ರಾಬರ್ಟ್ ಮೋರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ 'ಹುಳು' ಸಾವಿರಾರು ಗಣಕಗಳನ್ನು ಹೊಕ್ಕಿತು. ಅದು ಹಿಡಿದ ದಾರಿಗಳಲ್ಲಿ ಒಂದು, ಸೆಂಡ್‌ಮೇಲ್‌ನಲ್ಲಿ ದೋಷಪರೀಕ್ಷೆಗೆಂದು ಇರಿಸಿದ್ದ ಸೌಲಭ್ಯ. 2003ರಲ್ಲಿ ಮತ್ತೊಂದು ಗಂಭೀರ ದೋಷ ಹೊರಬಿದ್ದಿತು. ಅಷ್ಟರಲ್ಲಿ, 1998ರಲ್ಲೇ ಬಂದಿದ್ದ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್, ಕೆಲಸವನ್ನು ಹಲವು ಸಣ್ಣ ಭಾಗಗಳಿಗೆ ಹಂಚಿ ಒಂದೊಂದಕ್ಕೂ ಬೇಕಾದಷ್ಟೇ ಅಧಿಕಾರ ಕೊಡುವ ಮಾರ್ಗ ತೋರಿಸಿತ್ತು.

ಹಾಗಾದರೆ ಅಂಚೆಯ ವ್ಯವಸ್ಥೆಯನ್ನೇ ತೆಗೆದುಬಿಡೋಣವೆ? ಅದು ಸಲ್ಲದು. ಯಂತ್ರವೂ ತನ್ನನ್ನು ನೋಡಿಕೊಳ್ಳುವವನಿಗೆ ರಾತ್ರಿ ಪತ್ರ ಬರೆಯುತ್ತದೆ: ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಯಾರಾದರೂ ಕಳ್ಳತನದಿಂದ ಒಳಹೊಗಲು ಯತ್ನಿಸಿದರೇ, ಎಂದು. ನನ್ನ ವಿದ್ಯಾರ್ಥಿ ಒಮ್ಮೆ ಯಂತ್ರವೊಂದರಿಂದ ಅಂಚೆಯ ತಂತ್ರಾಂಶವನ್ನೆಲ್ಲ ಅಳಿಸಿದ್ದನಂತೆ. ಡಿಸ್ಕು ಕೆಡುತ್ತಿದೆಯೆಂಬ ಎಚ್ಚರಿಕೆ ಮೂರು ವಾರ ಯಾರನ್ನೂ ತಲುಪಲಿಲ್ಲ. ಕೊನೆಗೆ ಒಂದು ಕಚೇರಿಯ ಲೆಕ್ಕಪತ್ರಗಳೇ ಹೋದವು. ಹೇಳುವಾಗ ಅವನ ಮುಖ ಬಾಡಿತ್ತು.

ಆದ್ದರಿಂದ 2023ರಲ್ಲಿ ಬಂದ ಫ್ರೀಬಿಎಸ್‌ಡಿ 14.0 ಹಿಡಿದ ಹಾದಿ ನನಗೆ ಸರಿಯೆನಿಸುತ್ತದೆ. ಹೊರಗಿನ ಪತ್ರಗಳನ್ನು ಸ್ವೀಕರಿಸದೆ, ಯಂತ್ರದೊಳಗೆ ಹುಟ್ಟಿದ ಪತ್ರಗಳನ್ನಷ್ಟೇ ತಲುಪಿಸುವ 'ಡಿಎಂಎ' ಎಂಬ ಚಿಕ್ಕ ತಂತ್ರಾಂಶವನ್ನು ಅದು ಮೊದಲ ಸ್ಥಾನಕ್ಕೆ ತಂದಿತು. ಸೆಂಡ್‌ಮೇಲ್ ಬೇಕೆನ್ನುವವರಿಗೆ ಅದನ್ನೂ ಉಳಿಸಿತು. ಮುಂದೆ ಪೂರ್ತಿ ತೆಗೆಯುವುದಾದರೂ ವರ್ಷಗಳ ಮೊದಲೇ ತಿಳಿಸಬೇಕು, ಬೇಕಾದವರು ಬೇರೆಯಾಗಿ ತಂದುಕೊಳ್ಳುವಂತಿರಬೇಕು. 'ಸೆಂಡ್‌ಮೇಲ್' ಎಂಬ ಆದೇಶದ ಹೆಸರಂತೂ ಉಳಿಯಲೇಬೇಕು. ಎಷ್ಟೋ ಹಳೆಯ ಕ್ರಮವಿಧಿಗಳು ಆ ಹೆಸರನ್ನೇ ಕೂಗುತ್ತವೆ. ಪೋಸ್ಟ್‌ಫಿಕ್ಸ್ ಕೂಡ ಆ ಹೆಸರಿಗೆ ಓಗೊಡುತ್ತದೆ.

ನಿವೃತ್ತಿಯ ದಿನ ನಾನು ಪ್ರಯೋಗಾಲಯದ ಬೀಗದ ಕೈಯನ್ನು ಹಿಂದಿರುಗಿಸಿದೆ. ಸ್ವಲ್ಪ ನೋವಾಯಿತು, ನಿಜ. ಆದರೂ ವಾರ್ಷಿಕೋತ್ಸವಕ್ಕೆ ಈಗಲೂ ಕರೆಯುತ್ತಾರೆ, ನಾನೂ ಹೋಗುತ್ತೇನೆ. ಸೆಂಡ್‌ಮೇಲ್‌ಗೂ ಅಷ್ಟು ಗೌರವ ಸಾಕು. ನಿಮ್ಮಲ್ಲಿ ಈ ವೃತ್ತಿಯಲ್ಲಿರುವವರು ಏನೆನ್ನುತ್ತೀರಿ? ತಿಳಿಸಿ.