ಮೀನಕ್ಕಿಂತ ಮೊದಲ ನೀರು ಸಾಕ್ರಿ

ನಮ್ಮನಿಗೆ ಸೆಕೆಂಡ್‌ಹ್ಯಾಂಡ್ ಉಪ್ಪುನೀರಿನ ಅಕ್ವೇರಿಯಂ ಬಂದದ ನೋಡ್ರಿ. 4 ಫೂಟು ಉದ್ದ. ಅಗಲ, ಎತ್ತರ ಎರಡೆರಡು ಫೂಟು. ಟ್ಯಾಂಕ್ ಸೋವಿ ಸಿಕ್ತು ಖರೆ, ಆದ್ರ ನೀರು ಸೋವಿ ಅಲ್ಲ. ಸುಮಾರು 450 ಲೀಟರ್ ಹಿಡೀತದ. ಲೀಟರಿಗೆ 35 ಗ್ರಾಂ ಅಂದ್ರೂ 16 ಕಿಲೋ ಅಕ್ವೇರಿಯಂ ಉಪ್ಪು ಬೇಕು. ಅಡಗಿಮನಿ ಉಪ್ಪು ನಡ್ಯಂಗಿಲ್ಲ. ಕಲ್ಲು, ಉಸುಕು, ಗಾಜು ಕೂಡಿ ಅರ್ಧ ಟನ್ ದಾಟ್ತದ. ಹಂಗಾಗಿ ಮೊದಲ ನೆಲ ಗಟ್ಟಿ ಅದನೋ ಇಲ್ಲೋ ನೋಡ್ಕೋರಿ. ಹಿಂದಿನವರು ತಾಮ್ರದ ಔಷಧ ಹಾಕಿದ್ರೇನು ಅಂತನೂ ಕೇಳ್ರಿ. ಸೀಗಡಿ, ಹವಳಕ್ಕ ಅದು ವಿಷ.

ಮನ್ಯಾಗ ಹುಡುಗರದು ಒಂದ ಹಟ: “ಮೀನು ಯಾವಾಗ?” ನಾ ಹೇಳೂದೂ ಒಂದ: ಒಂದೂವರಿ ತಿಂಗಳ ತಡೀರಿ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ತದ. ಅದನ್ನ ನೈಟ್ರೈಟ್, ಆಮ್ಯಾಲೆ ನೈಟ್ರೇಟ್ ಮಾಡೂ ಬ್ಯಾಕ್ಟೀರಿಯಾ ಮೊದಲ ಬೆಳೀಬೇಕು. ಚೂರು ಮೀನಿನ ಆಹಾರ ಹಾಕಿ, ಪಂಪ್ ಹಚ್ಚಿ, ನೀರು ಪರೀಕ್ಷೆ ಮಾಡ್ತಾ ಕೂಡಬೇಕು. ಹಾಲಿಗೆ ಹೆಪ್ಪು ಹಾಕಿ ಮೊಸರಿಗೆ ಕಾಯೂದಿಲ್ಲೇನು, ಹಂಗ.

ಈ ಮೀನದಾಗ ಭಾಳಷ್ಟು ಸಮುದ್ರದಿಂದ ಹಿಡದು ತಂದವು. ನಮ್ಮ ಅವಸರಕ್ಕ ಜೀವ ಹೋಗೂದು ಅವುರ್ದು. ಕಾಯೂ ಪುರಸೊತ್ತಿಲ್ಲದವರು ಗೋಡಿಗೆ ಸಮುದ್ರದ ಚಿತ್ರ ಹಚ್ಕೊಳ್ಳೂದ ಛಲೋ.