ಹೊರರಾಜ್ಯದ ವಿಶ್ವವಿದ್ಯಾಲಯ, ನಿಶ್ಚಯವಾಗದ ವಿಷಯ: ಪಾಲಕರು ಅರಿಯಬೇಕಾದ ಲೆಕ್ಕ

ಅಮೆರಿಕದಲ್ಲಿ ಶರತ್ಕಾಲವು ಕಾಲೇಜು ಅರ್ಜಿಗಳ ಕಾಲ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿಯೂ ಹನ್ನೆರಡನೆಯ ತರಗತಿಯ ಮಕ್ಕಳ ಮುಂದಿನ ಓದಿನ ಚಿಂತನೆ ಆಗ ಬಿರುಸುಗೊಳ್ಳುತ್ತದೆ. ಮಗು ಬಯಸಿದ ಸರ್ಕಾರಿ ವಿಶ್ವವಿದ್ಯಾಲಯ ಬೇರೊಂದು ರಾಜ್ಯದಲ್ಲಿರುತ್ತದೆ. ಯಾವ ವಿಷಯವನ್ನು ಓದಬೇಕೆಂಬುದು ಇನ್ನೂ ನಿಶ್ಚಯವಾಗಿರುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಇವೆರಡೂ ಸಾಮಾನ್ಯ ಸಂಗತಿಗಳೇ. ಎರಡೂ ಒಂದೆಡೆ ಕೂಡಿದಾಗ ಮಾತ್ರ ಕುಟುಂಬದ ಲೆಕ್ಕವೇ ಬದಲಾಗುತ್ತದೆ.

ಕರ್ನಾಟಕದಲ್ಲಿ ಹತ್ತನೆಯ ತರಗತಿ ಮುಗಿದೊಡನೆ ವಿಜ್ಞಾನ, ವಾಣಿಜ್ಯ, ಕಲೆ ಎಂಬ ಕವಲುಗಳಲ್ಲಿ ಒಂದನ್ನು ಆರಿಸಿಕೊಂಡು ಬೆಳೆದ ಪಾಲಕರಿಗೆ, ಹದಿನೆಂಟರ ಮಕ್ಕಳು ‘ಇನ್ನೂ ತೀರ್ಮಾನಿಸಿಲ್ಲ’ ಎಂದರೆ ಆತಂಕವಾಗುವುದು ಸಹಜ. ಆದರೆ ಅಮೆರಿಕದ ಪದವಿ ಶಿಕ್ಷಣದ ರಚನೆಯೇ ಇದಕ್ಕೆ ಎಡೆಮಾಡಿಕೊಟ್ಟಿದೆ. ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯೊಳಗೆ ಮುಖ್ಯ ವಿಷಯವನ್ನು ಘೋಷಿಸಿದರೆ ಸಾಕು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಷಾಂಪೇನ್ ಆವರಣದಲ್ಲಿ ವಿಷಯ ನಿರ್ಧರಿಸದವರಿಗೆಂದೇ ಒಂದು ವಿಭಾಗವಿದೆ. ಅನಿಶ್ಚಯವು ಅಲ್ಲಿ ದೋಷವಲ್ಲ.

ಆದರೆ ಎಲ್ಲ ಬಾಗಿಲುಗಳೂ ಕೊನೆಯವರೆಗೆ ತೆರೆದಿರುವುದಿಲ್ಲ ಎಂಬುದನ್ನು ಮರೆಯಬಾರದು. ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್, ನರ್ಸಿಂಗ್ ಮೊದಲಾದ ಬೇಡಿಕೆಯ ವಿಷಯಗಳಿಗೆ ಅನೇಕ ವಿಶ್ವವಿದ್ಯಾಲಯಗಳು ಮೊದಲ ಅರ್ಜಿಯಲ್ಲಿಯೇ ನೇರ ಪ್ರವೇಶ ನೀಡುತ್ತವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ನೇರವಾಗಿ ಆಯ್ಕೆಯಾಗದವರು ಅನಂತರ ಒಳಸೇರುವುದು ಬಹು ಕಠಿಣ. ‘ಈಗ ಯಾವುದಾದರೊಂದು ವಿಷಯ ಬರೆದು ಸೇರಿಕೊಂಡು, ಆಮೇಲೆ ಬದಲಿಸಿಕೊಳ್ಳೋಣ’ ಎಂಬ ಸಲಹೆ ಸಮುದಾಯದ ಕೂಟಗಳಲ್ಲಿ ಕೇಳಿಬರುವುದುಂಟು. ಇಂತಹ ಕಡೆ ಆ ಸಲಹೆ ಮಕ್ಕಳನ್ನು ದಾರಿತಪ್ಪಿಸುತ್ತದೆ.

ಇನ್ನು ಶುಲ್ಕದ ವಿಚಾರ. ಸರ್ಕಾರಿ ವಿಶ್ವವಿದ್ಯಾಲಯಗಳು ನಡೆಯುವುದು ಆಯಾ ರಾಜ್ಯದ ತೆರಿಗೆದಾರರ ಹಣದ ನೆರವಿನಿಂದ. ಆದ್ದರಿಂದ ರಾಜ್ಯದ ನಿವಾಸಿಗಳಿಗೆ ಕಡಿಮೆ ಶುಲ್ಕ, ಹೊರಗಿನವರಿಗೆ ಹೆಚ್ಚು ಶುಲ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2025-26ರಲ್ಲಿ ಹೊಸದಾಗಿ ಸೇರುವ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಸಾಮಾನ್ಯ ಶುಲ್ಕದ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿ ಶುಲ್ಕ ನಿಗದಿಪಡಿಸಿದೆ. ನಾಲ್ಕು ವರ್ಷಕ್ಕೆ ಇದೊಂದೇ ಒಂದೂವರೆ ಲಕ್ಷ ಡಾಲರ್ ದಾಟುತ್ತದೆ. ವಿಷಯ ಬದಲಿಸಿದ ಕಾರಣಕ್ಕೆ ಐದನೆಯ ವರ್ಷ ಬೇಕಾದರೆ ಅದರ ಹೊರೆ ಬೇರೆ. ಅನಿಶ್ಚಯಕ್ಕೆ ಬೆಲೆ ತೆರಬೇಕಾಗುವುದು ಇಲ್ಲಿ.

ಪ್ರವೇಶಕ್ಕೂ ಮಿತಿಗಳಿವೆ. ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಹೊಸ ವಿದ್ಯಾರ್ಥಿಗಳ ಪೈಕಿ ಹೊರರಾಜ್ಯದವರ ಪಾಲು ಶೇ. 18ನ್ನು ಮೀರುವಂತಿಲ್ಲ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಶೇ. 90 ಸ್ಥಾನಗಳು ಆ ರಾಜ್ಯದವರಿಗೇ ಮೀಸಲು. ಹೊರಗಿನ ಅರ್ಜಿದಾರರ ಪೈಪೋಟಿ ಉಳಿದ ಅಲ್ಪ ಸ್ಥಾನಗಳಿಗಾಗಿ.

‘ಒಂದು ವರ್ಷ ಅಲ್ಲಿದ್ದರೆ ನಿವಾಸಿಯಾಗಬಹುದಲ್ಲವೇ?’ ಎಂದು ಹಲವರು ಕೇಳುತ್ತಾರೆ. ಹನ್ನೆರಡು ತಿಂಗಳ ವಾಸವನ್ನು ಬಹುತೇಕ ರಾಜ್ಯಗಳು ಕೇಳುವುದು ನಿಜ. ಆದರೆ ಓದುವ ಸಲುವಾಗಿಯೇ ಬಂದು ಕಳೆದ ಕಾಲವನ್ನು ಅವು ಸುಲಭವಾಗಿ ಒಪ್ಪುವುದಿಲ್ಲ. ಕರ್ನಾಟಕದಲ್ಲಿ ಸಿಇಟಿ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬ ನಿಯಮವನ್ನು ಬಲ್ಲವರಿಗೆ ಇದರ ಆಶಯ ಹೊಸತೇನಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಮಗುವಿನ ಮನಸ್ಸು ತೂಗುತ್ತಿರುವ ಎರಡು ಮೂರು ವಿಷಯಗಳನ್ನು ಬರೆದಿಟ್ಟುಕೊಂಡು, ಸೇರಿದ ಮೇಲೆ ಅವುಗಳಿಗೆ ಹೋಗಲು ಇರುವ ನಿಯಮಗಳನ್ನು ಆಯಾ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯಿಂದಲೇ ತಿಳಿಯಬೇಕು. ಎರಡನೆಯದಾಗಿ, ಒಂದು ವರ್ಷದ ಶುಲ್ಕವನ್ನಲ್ಲ, ಐದು ವರ್ಷದ ವೆಚ್ಚವನ್ನು ಲೆಕ್ಕ ಹಾಕಬೇಕು. ಮೂರನೆಯದಾಗಿ, ಪಶ್ಚಿಮದ ರಾಜ್ಯಗಳ ನಡುವಿನ ವಿನಿಮಯ ಒಪ್ಪಂದವನ್ನು ಗಮನಿಸಬೇಕು. ಅದರಡಿ ಅರ್ಹರು ನಿವಾಸಿ ಶುಲ್ಕದ ಒಂದೂವರೆ ಪಟ್ಟನ್ನು ಮೀರದಂತೆ ಕಟ್ಟಿ ಓದಬಹುದು. ಎಲ್ಲ ವಿಶ್ವವಿದ್ಯಾಲಯಗಳಾಗಲಿ ಎಲ್ಲ ವಿಷಯಗಳಾಗಲಿ ಅದರೊಳಗೆ ಬರುವುದಿಲ್ಲ.

ವಿಷಯ ನಿಶ್ಚಯವಾಗದ ಮಗುವಿಗೆ ಹುಡುಕಾಟದ ಅವಕಾಶ ಬೇಕು. ಆ ಅವಕಾಶ ಕಡಿಮೆ ಖರ್ಚಿನಲ್ಲಿ ದೊರೆಯುವುದು ಹೆಚ್ಚಾಗಿ ಸ್ವಂತ ರಾಜ್ಯದ ವಿಶ್ವವಿದ್ಯಾಲಯದಲ್ಲಿಯೇ. ಹೊರರಾಜ್ಯದ ಹೆಸರಾಂತ ಸಂಸ್ಥೆಗೆ ಸೇರಿಸಲೆಂದು ಮಗುವಿನಿಂದ ಬಲವಂತವಾಗಿ ಒಂದು ವಿಷಯವನ್ನು ಹೇಳಿಸುವುದೂ ತರವಲ್ಲ, ಸಾಲದ ಹೊರೆಯನ್ನು ಅದರಿಂದ ಮರೆಮಾಚುವುದೂ ತರವಲ್ಲ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮನೆಯ ಆದಾಯ, ಮುಂದಿನ ಖರ್ಚು, ಅವರ ಒಲವು ಈ ಮೂರನ್ನೂ ಮುಚ್ಚುಮರೆಯಿಲ್ಲದೆ ಮಾತನಾಡಿದ ಬಳಿಕವೇ ಪಾಲಕರು ಅರ್ಜಿಗೆ ಸಮ್ಮತಿಸುವುದು ಉಚಿತ.